ಎದೆಗೆ ಚೆಂಡು ತಗಲಿಸದ ಆಟಗಾರ

ನಮ್ಮ ಕನ್ನಡ ಬಳಗದ ವಾಟ್ಸಾಪ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ ಕಾಕಾ ಅವರ ಫೋಟೋ ಬಂತು. ಅದರ ಕೆಳಗೆ ‘ಲಿಂಗೈಕ್ಯರಾದರು’ ಎಂಬ ಒಂದೇ ಪದ. ಸಂಜೆಯೊಳಗೆ ನೂರಾರು ಜನ ಕೈಮುಗಿದ ಚಿತ್ರ ಹಾಕಿ ಮುಗಿಸಿದ್ದರು. ಮುಂದಿನ ವಾರದ ಸಭೆಯಲ್ಲಿ ಕಾರ್ಯದರ್ಶಿಗಳು ನನ್ನ ಹತ್ತಿರ ಬಂದು, ‘ನಿಮಗೆ ಚೆನ್ನಾಗಿ ಗೊತ್ತಿತ್ತಲ್ಲ ಮೇಡಮ್, ಎರಡು ನಿಮಿಷ ಮಾತಾಡ್ಬಿಡಿ. ಹಾಲ್ ಐದು ಗಂಟೆಗೆ ಖಾಲಿ ಮಾಡ್ಬೇಕು’ ಎಂದರು. ಎಂಬತ್ತೊಂಬತ್ತು ವರ್ಷ ಬದುಕಿದ ಮನುಷ್ಯನಿಗೆ ಎರಡು ನಿಮಿಷ. ನಾನೂ ಎದ್ದು ನಿಂತು, ಹಿರಿಯರು, ಸಜ್ಜನರು, ತುಂಬಲಾರದ ನಷ್ಟ ಎಂದು ಎಲ್ಲರೂ ಹೇಳುವುದನ್ನೇ ಹೇಳಿ ಕೂತೆ. ಅಂದಿನಿಂದ ನನಗೆ ನನ್ನ ಮೇಲೇ ಸಿಟ್ಟು. ಅದು ಇಳಿಯಲಿ ಅಂತಲೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಮೈಸೂರಿನವಳು. ಎಕ್ಸ್‌ರೇ, ಸ್ಕ್ಯಾನ್ ನೋಡುವ ಡಾಕ್ಟರು. ಮ್ಯಾಂಚೆಸ್ಟರಿನ ಪಕ್ಕದ ಸಾಲ್ಫರ್ಡ್‌ಗೆ ಕೆಲಸಕ್ಕೆ ಬಂದಾಗ, ಅಲ್ಲಿಯ ಟಿವಿ ಸ್ಟುಡಿಯೋಗಳಿರುವ ಮೀಡಿಯಾಸಿಟಿಗೆ ಟ್ರಾಮ್ ಇನ್ನೂ ಹೊಸದು. ಅದರ ಪಕ್ಕದಲ್ಲೇ ಒಂದು ಫ್ಲಾಟ್ ಹಿಡಿದಿದ್ದೆ. ಯುಗಾದಿ ಊಟದ ದಿನ ಬಾಳೆಎಲೆಯಂಥ ಕಾಗದದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ, ಹಿಂದಿನಿಂದ ಯಾರೋ ನನ್ನ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದರು. ತಿರುಗಿ ನೋಡಿದರೆ ಉಣ್ಣೆಯ ಟೋಪಿ ಹಾಕಿದ, ಉದ್ದ ಕಾಲಿನ, ಒಣಕಲು ಮುದುಕರು.

‘ಒಗದ್ರ ಬಣ್ಣಾ ಬಿಡ್ತೈತಿ ಇದು’ ಎಂದರು. ‘ಉಪ್ಪಿನ ನೀರಾಗ ಒಂದು ರಾತ್ರಿ ಇಡು.’

‘ಥ್ಯಾಂಕ್ಸ್ ಅಂಕಲ್’ ಎಂದೆ.

‘ಅಂಕಲ್ ಅಂದ್ರ ಇಲ್ಲೆ ಬಸ್ ಓಡ್ಸಾವಗೂ ಅಂತಾರ. ಕಾಕಾ ಅನ್ನವಾ.’

ಅವರು ಗದಗಿನ ಕಡೆಯವರು. ಬಟ್ಟೆಗೆ ಬಣ್ಣ ಹಾಕುವ ವಿದ್ಯೆ ಕಲಿಯಲು ಇಪ್ಪತ್ತರ ವಯಸ್ಸಿನಲ್ಲಿ ಹಡಗು ಹತ್ತಿ ಬಂದವರು, ಇಲ್ಲಿಯ ಮಿಲ್ಲುಗಳಲ್ಲಿ ಬಣ್ಣದ ಮನೆಯ ಯಜಮಾನಿಕೆ ಮಾಡಿ, ಮಿಲ್ಲುಗಳೆಲ್ಲ ಮುಚ್ಚಿದ ಮೇಲೂ ಇಲ್ಲೇ ಉಳಿದಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ಲೀಡ್ಸ್‌ನಲ್ಲಿ ಫ್ಯಾಮಿಲಿ ಡಾಕ್ಟರು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕಾಕಾ ಅವರ ಹಣೆಯ ಮೇಲಿನ ಮೂರು ಬೆರಳಿನ ವಿಭೂತಿಯನ್ನು ಟೋಪಿ ಮುಚ್ಚಿರುತ್ತಿತ್ತು. ಆದರೆ ದಾರಿಯಲ್ಲಿ ಇಂಗ್ಲಿಷ್ ಅಜ್ಜಿಯರು ಎದುರಾದರೆ ಕಾಕಾ ಟೋಪಿ ಎತ್ತಿಯೇ ನಮಸ್ಕಾರ ಹೇಳುವವರು. ಆಗ ಆ ವಿಭೂತಿ ಫಳ್ಳನೆ ಕಾಣುತ್ತಿತ್ತು. ಒಬ್ಬ ಅಜ್ಜಿ ಅದನ್ನು ಸುಣ್ಣದ ಗುರುತು ಅಂದುಕೊಂಡು, ಗೋಡೆಗೆ ಹಣೆ ತಾಗಿಸಿಕೊಂಡಿರಾ ಎಂದು ಕರ್ಚೀಫು ತೆಗೆದು ಒರೆಸಲು ಹೋಗಿದ್ದಳಂತೆ. ‘ನಾನೂ ಸುಮ್ನ ನಿಂತೆ. ಅಷ್ಟು ಪ್ರೀತಿಲೆ ಯಾರ್ ಒರಸ್ತಾರ?’ ಎಂದು ನಗುತ್ತಿದ್ದರು.

ಇನ್ನೊಂದು ಅಭ್ಯಾಸವಿತ್ತು. ಕುರ್ಚಿಯಿಂದ ಏಳುವಾಗ, ರಸ್ತೆ ದಾಟುವಾಗ, ಬಾಗಿಲು ತೆರೆಯುವಾಗ ಅವರ ಎಡಗೈ ತಾನಾಗಿಯೇ ಎದೆಯ ಮೇಲೆ ಹೋಗಿ ಬರುತ್ತಿತ್ತು. ನಾನು ಡಾಕ್ಟರಲ್ಲವೇ, ಎದೆನೋವೇನೋ ಎಂದು ಒಮ್ಮೆ ಕೇಳಿಯೇಬಿಟ್ಟೆ. ಅವರು ಕೋಟಿನ ಗುಂಡಿ ಬಿಚ್ಚಿ, ಒಳಗೆ ಶಿವದಾರದಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆ ತೋರಿಸಿದರು. ಅದರೊಳಗೆ ಇಷ್ಟಲಿಂಗ. ‘ಐತೋ ಇಲ್ಲೋ ಅಂತ ನೋಡ್ಕೊಂತೀನಿ, ಅಷ್ಟ’ ಎಂದರು. ದಿನವೂ ಬೆಳಿಗ್ಗೆ ಅದನ್ನು ಎಡಗೈಯಲ್ಲಿಟ್ಟು ಪೂಜೆ ಮಾಡದೆ ಅವರು ಕಾಫಿಯನ್ನೂ ಕುಡಿಯುತ್ತಿರಲಿಲ್ಲ.

ನಮ್ಮ ಬಳಗದ ಗಂಡಸರಿಗೆ ಫುಟ್‌ಬಾಲ್ ಹುಚ್ಚು. ಮ್ಯಾಂಚೆಸ್ಟರಿನ ಎರಡು ದೊಡ್ಡ ಟೀಮುಗಳ ಹೆಸರಿನಲ್ಲಿ ಬಳಗ ಎರಡು ಹೋಳಾಗಿ, ಹೋಳಿಗೆ ಊಟದ ನಡುವೆಯೂ ಜಗಳ ನಡೆಯುತ್ತಿತ್ತು. ಕಾಕಾ ಅವರನ್ನು ಯಾರಾದರೂ ‘ನಿಮ್ಮದು ಯಾವ ಟೀಮು?’ ಎಂದರೆ, ಎದೆಯುಬ್ಬಿಸಿ, ‘ಎರಡೂ ಅಲ್ಲ. ನನ್ನ ಟೀಮ್ ಬ್ಯಾರೆ ಐತಿ. ಇಡೀ ಸೀಸನ್ ಒಂದು ಮ್ಯಾಚೂ ಗೆಲ್ಲದ ಟೀಮು’ ಎನ್ನುತ್ತಿದ್ದರು. ಸೋತದ್ದನ್ನು ಇಷ್ಟು ಜಂಬದಿಂದ ಹೇಳಿಕೊಳ್ಳುವವರನ್ನು ನಾನು ಮೊದಲ ಸಲ ನೋಡಿದ್ದು. ಬಹಳ ಮಂದಿ ಅದನ್ನು ಮುದುಕರ ಹಳೇ ಪುರಾಣ ಅಂದುಕೊಂಡು ತಟ್ಟೆ ಹಿಡಿದು ಜಾಗ ಖಾಲಿ ಮಾಡುತ್ತಿದ್ದರು. ಕೇಳುತ್ತ ಕೂತವಳು ನಾನೊಬ್ಬಳೇ.

ಎರಡನೆಯ ಮಹಾಯುದ್ಧ ಮುಗಿದು ಎರಡು ಮೂರು ವರ್ಷವಾಗಿತ್ತಷ್ಟೆ. ಗುಡ್ಡದ ಬುಡದಲ್ಲಿ ಒಂದು ಮಿಲ್ ಊರು, ಅಲ್ಲೊಂದು ಪುಟ್ಟ ಜವಳಿ ಕಾಲೇಜು. ಎಲ್ಲ ಸೇರಿ ನಲವತ್ತು ಚಿಲ್ಲರೆ ವಿದ್ಯಾರ್ಥಿಗಳು, ಅದರಲ್ಲಿ ಮುಕ್ಕಾಲು ಪಾಲು ಸೈನ್ಯದಿಂದ ಬಿಡುಗಡೆಯಾಗಿ ಬಂದವರು. ಒಬ್ಬನಿಗೆ ಒಂದು ಕಿವಿ ಕೇಳದು, ಒಬ್ಬನ ಮೊಣಕಾಲಿನಲ್ಲಿ ಇನ್ನೂ ಗುಂಡಿನ ಚೂರು. ಆಡಬಲ್ಲ ಕಾಲುಳ್ಳವರು ಹತ್ತೇ ಜನ ಇದ್ದರು. ಹನ್ನೊಂದನೆಯವನಾಗಿ ಗದಗಿನ ಹುಡುಗನನ್ನು ಎಡ ಅಂಚಿಗೆ ನಿಲ್ಲಿಸಿದರು. ಊರಿನ ಹೈಸ್ಕೂಲಿನಲ್ಲಿ ಬರಿಗಾಲಲ್ಲಿ ಆಡಿದ್ದ ಕಾಕಾಗೆ ಬೂಟು ಹಾಕಿಕೊಂಡು ಓಡುವುದನ್ನು ಕಲಿಯಲಿಕ್ಕೇ ಒಂದು ತಿಂಗಳಾಯಿತಂತೆ.

ಬಟ್ಟೆಗೆಲ್ಲ ರೇಷನ್ ಇದ್ದ ಕಾಲ. ಜರ್ಸಿ ಎಲ್ಲಿಂದ ತರುವುದು? ಹಳೆಯ ಬಿಳಿ ಬನಿಯನ್ನುಗಳನ್ನು ಒಟ್ಟುಮಾಡಿ, ಕಾಕಾ ಕಾಲೇಜಿನ ಬಣ್ಣದ ತೊಟ್ಟಿಯಲ್ಲಿ ಅದ್ದಿ, ಇಳಕಲ್ ಸೀರೆಯ ಕೆಂಪು ಬರಿಸಿದರು. ಆ ಕೆಂಪು ಆ ಊರಿನಲ್ಲಿ ಯಾರೂ ಕಂಡದ್ದಲ್ಲ. ಎಲ್ಲರೂ ಭಲೇ ಎಂದರು. ಆದರೆ ಮ್ಯಾಚಿನ ಅವಸರದಲ್ಲಿ ಬಣ್ಣ ನಿಲ್ಲಿಸುವ ಕೊನೆಯ ಅದ್ದುವಿಕೆಯೊಂದು ಉಳಿದುಹೋಗಿತ್ತು. ಮೊದಲ ಪಂದ್ಯದ ದಿನ ಮಳೆ. ಅರ್ಧ ಗಂಟೆಯಲ್ಲಿ ಹನ್ನೊಂದು ಜನರ ಮೊಣಕಾಲಿನವರೆಗೆ ಕೆಂಪು ಇಳಿಯಿತು. ‘ಎದರಗಡಿ ಟೀಮಿನವರು ಅಂಜಿ ದೂರ ನಿಂತ್ರು ನೋಡವಾ, ನಮಗ ಏನೋ ಘಾತ ಆಗೇತಿ ಅಂತ. ಆದರೂ ಆರು ಗೋಲು ಹೊಡದ್ರು.’

ಆ ಮೊದಲ ಪಂದ್ಯದಲ್ಲೇ ಇನ್ನೊಂದು ಫಜೀತಿಯೂ ಆಯಿತು. ಆಟಕ್ಕೆ ಮುಂಚೆ ರೆಫರಿ ಸಾಲಾಗಿ ನಿಲ್ಲಿಸಿ ನೋಡುವಾಗ ಕಾಕಾ ಕೊರಳಿನ ಬೆಳ್ಳಿಯ ಕರಡಿಗೆ ಕಂಡಿತು. ಲೋಹದ್ದೇನೂ ಮೈಮೇಲೆ ಇರಕೂಡದು, ತೆಗೆದಿಟ್ಟು ಬಾ ಎಂದರು. ತೆಗೆಯಲಾರೆ ಎಂದರು ಕಾಕಾ. ಹಾಗಾದರೆ ಆಡಬೇಡ ಎಂದರು ರೆಫರಿ. ಸರಿ ಎಂದು ಕಾಕಾ ಹೊರಗೆ ನಡೆಯತೊಡಗಿದಾಗ ಅವರ ಕ್ಯಾಪ್ಟನ್ ಹಿಂದೆ ಓಡಿಬಂದ. ಆತ ಬರ್ಮಾದ ಕಡೆ ನಮ್ಮ ಸೈನಿಕರ ಜೊತೆಗೂಡಿ ಯುದ್ಧ ಮಾಡಿ ಬಂದವನು. ಕೊರಳಿನಲ್ಲಿ ಏನಾದರೊಂದು ಕಟ್ಟಿಕೊಂಡವರನ್ನು ಕಂಡವನು. ಇದೇನು ಎಂದು ಕೇಳಲಿಲ್ಲವಂತೆ. ‘ಬೆಳ್ಳಿ ತೆಗೆಯಬಹುದೋ, ಒಳಗಿರುವುದು ಮಾತ್ರ ಮೈಮೇಲೆ ಇರಬೇಕೋ?’ ಎಂದಷ್ಟೇ ಕೇಳಿದ.

ಬೆಳ್ಳಿ ತೆಗೆಯಬಹುದಿತ್ತು. ಅಂದಿನಿಂದ ಪ್ರತಿ ಶನಿವಾರ, ಆಟಕ್ಕೆ ಮುಂಚೆ, ಕಾಕಾ ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದುಕೊಳ್ಳುವುದು, ಕ್ಯಾಪ್ಟನ್ ಅದರ ಮೇಲೆ ಮೂರು ಸುತ್ತು ಬ್ಯಾಂಡೇಜ್ ಕಟ್ಟುವುದು. ಕಟ್ಟುವ ಮೊದಲು ಆತ ಸೋಪು ಹಚ್ಚಿ ಕೈ ತೊಳೆದುಕೊಂಡು ಬರುತ್ತಿದ್ದನಂತೆ. ಕಾಕಾ ಹೇಳಿಕೊಟ್ಟದ್ದಲ್ಲ, ತಾನಾಗಿಯೇ.

ಬ್ಯಾಂಡೇಜೇನೋ ಆಯಿತು. ಆದರೆ ಲಿಂಗಕ್ಕೆ ಚೆಂಡು ಬಡಿಯುವುದೆಂದರೇನು? ಹೊರಡುವಾಗ ಅವ್ವ ಹೇಳಿದ್ದು ಒಂದೇ ಮಾತು: ಮೈಮೇಲಿಂದ ತೆಗೆಯಬೇಡ, ಏನೂ ಬಡಿಯಗೊಡಬೇಡ. ಹೀಗಾಗಿ ಕಾಕಾ ಎದೆಗೆ ಚೆಂಡು ತಗಲಿಸದ ಆಟಗಾರರಾದರು. ಚೆಂಡು ಎದೆಯೆತ್ತರಕ್ಕೆ ಬಂದರೆ ಪಕ್ಕಕ್ಕೆ ಸರಿದು, ನೆಲಕ್ಕೆ ಬೀಳಗೊಟ್ಟು, ಆಮೇಲೆ ಕಾಲಿನಲ್ಲಿ ಹಿಡಿಯುವರು. ನೋಡುತ್ತಿದ್ದ ಊರಿನವರು ಪುಕ್ಕಲ ಎಂದು ಕೂಗಿದರಂತೆ. ಕ್ಯಾಪ್ಟನ್ ತನ್ನ ಹುಡುಗರನ್ನು ಕೂಡಿಸಿ, ‘ಇವನಿಗೆ ಚೆಂಡನ್ನು ನೆಲದ ಮೇಲೇ ಕೊಡಬೇಕು, ತಿಳಿಯಿತೇ?’ ಎಂದ. ಎಲ್ಲ ಕಡೆ ಆಕಾಶಕ್ಕೆ ಒದೆಯುವ ಆಟವೇ ನಡೆಯುತ್ತಿದ್ದ ಕಾಲದಲ್ಲಿ ಈ ಹತ್ತು ಜನ ಒಬ್ಬನಿಗೋಸ್ಕರ ಚೆಂಡನ್ನು ನೆಲದ ಮೇಲೆ ಉರುಳಿಸಿ ಆಡುವುದನ್ನು ಕಲಿತರು. ‘ನೋಡಾಕ ಬಾಳ ಚಂದ ಇತ್ತು ನಮ್ಮ ಆಟ’ ಎನ್ನುತ್ತಿದ್ದರು ಕಾಕಾ. ‘ಸೋತ್ವಿ, ಆ ಮಾತು ಬ್ಯಾರೆ. ಆಡೂದು ಹನ್ನೊಂದು ಮಂದಿ, ಸೋಲೂದೂ ಹನ್ನೊಂದು ಮಂದಿ. ಒಬ್ಬರ ಮ್ಯಾಲೆ ಹಾಕಬಾರದು.’

ಹದಿನಾಲ್ಕು ಪಂದ್ಯದ ಸೀಸನ್. ಹದಿಮೂರು ಸೋತದ್ದನ್ನು ಅವರು ಒಂದೊಂದಾಗಿ, ಗೋಲುಗಳ ಸಮೇತ, ನಕ್ಕು ನಕ್ಕು ಹೇಳುತ್ತಿದ್ದರು. ಹದಿನಾಲ್ಕನೆಯದಕ್ಕೆ ಬಂದಾಗ ದನಿ ಇಳಿಯುತ್ತಿತ್ತು. ‘ಅವತ್ತ ಒಂದು ಗೋಲು ಮುಂದಿದ್ವಿ’ ಎನ್ನುವರು. ‘ಆಮೇಲೆ?’ ಎಂದರೆ, ‘ಆಮ್ಯಾಲೇನು, ಸೀಸನ್ ಮುಗೀತು. ಮಜ್ಜಿಗಿ ಐತೇನವಾ?’ ಅಷ್ಟಕ್ಕೇ ಮಾತು ಮುಗಿಯುತ್ತಿತ್ತು. ಅದನ್ನೂ ಸೋತಿರಬೇಕು, ಹೇಳಲು ಬೇಸರ ಅಂದುಕೊಂಡು ನಾನು ಸುಮ್ಮನಾಗುತ್ತಿದ್ದೆ.

ಅದು ಗೊತ್ತಾದದ್ದು ಬರ್ಮಿಂಗ್‌ಹ್ಯಾಮ್ ಹತ್ತಿರದ ಟಿವಿಡೇಲ್ ಬಾಲಾಜಿ ಗುಡಿಯ ದಾರಿಯಲ್ಲಿ. ವರ್ಷಕ್ಕೊಮ್ಮೆ ನಾನು ಅಲ್ಲಿಗೆ ಹೋಗುವಾಗ ಕಾಕಾ ತಾವಾಗಿಯೇ ಕಾರು ಹತ್ತುತ್ತಿದ್ದರು. ‘ನೀವು ಲಿಂಗ ಕಟ್ಟಿದವರು, ನಿಮಗ್ಯಾಕೆ ಬಾಲಾಜಿ?’ ಎಂದು ಕೆಣಕಿದರೆ, ‘ಅವನ ಮ್ಯಾಲೆ ನನಗೇನೂ ಸಿಟ್ಟಿಲ್ಲ. ಅವನ ಪುಳಿಯೋಗರೆ ಮ್ಯಾಲಂತೂ ಮೊದಲ ಇಲ್ಲ’ ಎನ್ನುವರು. ಆ ವರ್ಷ ಬರ್ಮಿಂಗ್‌ಹ್ಯಾಮ್ ಇನ್ನೂ ದೂರವಿರುವಾಗಲೇ ಮೋಟರ್‌ವೇಯಲ್ಲಿ ಗಾಡಿಗಳು ನಿಂತುಬಿಟ್ಟವು. ಒಂದು ಗಂಟೆ ಕದಲಲಿಲ್ಲ. ಕಾಕಾ ಕೋಟಿನ ಜೇಬಿನಿಂದ ಒಂದು ಲಕೋಟೆ ತೆಗೆದು ಮತ್ತೆ ಒಳಗಿಟ್ಟರು. ಮತ್ತೆ ತೆಗೆದರು. ಏನದು ಎಂದೆ. ಹಳೆಯ ಟೀಮಿನವರು ವರ್ಷಕ್ಕೊಮ್ಮೆ ಅದೇ ಮಿಲ್ ಊರಿನಲ್ಲಿ ಸೇರಿ ಊಟ ಮಾಡುತ್ತಾರೆ, ಅದರ ಆಹ್ವಾನ ಎಂದರು. ಪ್ರತಿ ವರ್ಷ ಬರುತ್ತದೆ. ಮೂರು ಮನೆ ಬದಲಾಯಿಸಿದರೂ ಕ್ಯಾಪ್ಟನ್ ಹೇಗೋ ವಿಳಾಸ ಪತ್ತೆಮಾಡಿ ಕಳಿಸುತ್ತಿದ್ದ. ಆತ ಸತ್ತ ಮೇಲೆ ಗೋಲ್‌ಕೀಪರ್ ಕಳಿಸುತ್ತಾನೆ.

‘ಊಟ ಹೇಗಿರುತ್ತೆ ಕಾಕಾ?’

‘ನನಗೇನು ಗೊತ್ತು. ಒಂದ್ಸಲಾನೂ ಹೋಗಿಲ್ಲ.’

‘ಯಾಕೆ?’

‘ಯಾವ ಮಾರೀ ಹೊತ್ಕೊಂಡು ಹೋಗ್ಲಿ?’ ಎಂದು ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ ನಿಧಾನವಾಗಿ ಎಲ್ಲ ಹೇಳಿದರು.

ಹದಿನಾಲ್ಕನೆಯ ಪಂದ್ಯದಲ್ಲಿ ಇವರು ಒಂದು ಗೋಲು ಮುಂದಿದ್ದರು. ಇಡೀ ವರ್ಷದಲ್ಲಿ ಮೊದಲ ಸಲ. ಎಲ್ಲರಿಗೂ ಮೈಮೇಲೆ ದೇವರು ಬಂದಂತಾಗಿತ್ತು. ಎದುರಾಳಿ ಒದ್ದ ಚೆಂಡು ಇವರ ಗೋಲಿನೊಳಕ್ಕೆ ಹೊರಟಿತ್ತು. ಗೋಲ್‌ಕೀಪರ್ ಎಂದಿನಂತೆ ಬೇರೆ ಕಡೆ ಬಿದ್ದಿದ್ದ. ಅಡ್ಡ ಬಂದ ಕಾಕಾ, ಯೋಚನೆ ಮಾಡಲು ಪುರಸೊತ್ತೇ ಇಲ್ಲದೆ, ಎದೆಯೊಡ್ಡಿ ನಿಂತರು. ಚೆಂಡು ಬಡಿದು ಹೊರಗೆ ಹೋಯಿತು. ಗೋಲು ಉಳಿಯಿತು. ಎಲ್ಲರೂ ಬಂದು ತಬ್ಬಿಕೊಂಡರು. ಐದು ನಿಮಿಷದ ಮೇಲೆ, ಓಡುತ್ತ ಓಡುತ್ತ, ಕೈ ಎದೆಯ ಮೇಲೆ ಹೋಯಿತು. ಬ್ಯಾಂಡೇಜ್ ಸಡಿಲವಾಗಿ ಹೊಟ್ಟೆಗೆ ಇಳಿದಿತ್ತು. ಒಳಗೆ ಬರಿಯ ವಸ್ತ್ರವಿತ್ತು, ಲಿಂಗವಿರಲಿಲ್ಲ.

ಲಿಂಗ ಮೈಬಿಟ್ಟರೆ ಅದು ಸಿಗುವ ತನಕ ಹನಿ ನೀರೂ ಮುಟ್ಟಬಾರದು, ಸಿಗದೇ ಹೋದರೆ ಬದುಕಿಯೂ ಇರಬಾರದು ಎಂದು ನಂಬಿದ ಮನೆ ಅವರದು. ಇಪ್ಪತ್ತೊಂದರ ಹುಡುಗ, ಊರು ಸಾವಿರಾರು ಮೈಲಿ ದೂರ. ಮೈದಾನದ ನಡುವೆ ಹಾಗೇ ನಿಂತುಬಿಟ್ಟರಂತೆ. ಕ್ಯಾಪ್ಟನ್ ಹತ್ತಿರ ಬಂದ, ಅವರ ಕೈ ಎಲ್ಲಿದೆ ಎಂದು ನೋಡಿದ, ಸೀದಾ ರೆಫರಿಯ ಹತ್ತಿರ ಹೋದ. ಆಟ ನಿಲ್ಲಿಸಿ ಎಂದ. ಯಾರಿಗೂ ಪೆಟ್ಟಾಗಿಲ್ಲ, ಹಾಗೆಲ್ಲ ನಿಲ್ಲಿಸಲಾಗದು, ಬೆಳಕು ಬೇರೆ ಹೋಗುತ್ತಿದೆ, ಈಗ ನಿಲ್ಲಿಸಿದರೆ ಪಂದ್ಯ ರದ್ದಾಗುತ್ತದೆ, ಗೆಲುವು ಸಿಗದು ಎಂದರು ರೆಫರಿ. ‘ಹಾಗಾದರೆ ರದ್ದು ಅಂತಲೇ ಬರೆದುಕೊಳ್ಳಿ’ ಎಂದು ಕ್ಯಾಪ್ಟನ್ ತಿರುಗಿ ಬಂದ. ತನ್ನ ಹುಡುಗರನ್ನು ಒಂದು ಮಾತೂ ಕೇಳಲಿಲ್ಲ. ಅವರೂ ಒಂದು ಮಾತೂ ಆಡಲಿಲ್ಲ.

ಮಿಲ್ಲಿನ ಮಸಿ ಬಿದ್ದು ಬಿದ್ದು ಕರ್ರಗಾದ ಕೆಸರು. ಅದರಲ್ಲಿ ಅಡಿಕೆಗಿಂತ ಸ್ವಲ್ಪ ದೊಡ್ಡದಾದ ಕರಿಯ ಲಿಂಗ. ಕ್ಯಾಪ್ಟನ್ ಎಲ್ಲರನ್ನೂ ಭುಜಕ್ಕೆ ಭುಜ ತಾಗಿಸಿ ಮಂಡಿಯೂರಿಸಿದ. ಯುದ್ಧದಲ್ಲಿ ನೆಲದೊಳಗೆ ಹೂತ ಬಾಂಬು ಹುಡುಕುತ್ತಿದ್ದುದು ಹಾಗೆಯಂತೆ. ಎದುರಾಳಿ ಟೀಮಿನವರು ಏನೆಂದು ಕೇಳಿ ತಾವೂ ಮಂಡಿಯೂರಿದರು. ಕೊನೆಗೆ ರೆಫರಿಯೂ. ಇಪ್ಪತ್ತಮೂರು ಜನ ಗೋಲಿನ ಕಡೆಯಿಂದ ಗೇಣು ಗೇಣಾಗಿ ತಡಕುತ್ತ ಬಂದರು. ಸಿಕ್ಕಿದ್ದು ಗೋಲ್‌ಕೀಪರಿಗೆ. ಆದರೆ ಅವನು ಅದನ್ನು ಮುಟ್ಟಲಿಲ್ಲ. ಎರಡೂ ಕೈಯಿಂದ ಸುತ್ತ ಬೇಲಿ ಕಟ್ಟಿ, ಅಲುಗಾಡದೆ ಕೂತು, ಕಾಕಾನ ಹೆಸರು ಹಿಡಿದು ಕೂಗಿದ. ‘ಮುಟ್ಟಬಹುದೋ ಇಲ್ಲೋ ಗೊತ್ತಿರಲಿಲ್ಲಲ್ಲ ಅವಗ’ ಎನ್ನುತ್ತ ಕಾಕಾ ತಮ್ಮ ಎರಡೂ ಅಂಗೈಯನ್ನು ಮೊಣಕಾಲ ಮೇಲೆ ಬೇಲಿಯ ಹಾಗೆ ಹಿಡಿದು ತೋರಿಸಿದರು.

‘ಅವರಿಗೆ ಸಿಕ್ಕದ್ದು ಒಂದ ಒಂದು ಗೆಲುವು ಯವ್ವಾ. ಅದನ್ನ ನಾ ನುಂಗಿದೆ. ಒಬ್ಬನರ ಬೈದಿದ್ರ ಹೋಗ್ತಿದ್ದೆ. ಯಾರೂ ಬೈಲಿಲ್ಲ ನೋಡು, ಅದಕ್ಕ ಹೋಗೂದಾಗಲಿಲ್ಲ.’

ನನಗೆ ಕಣ್ಣಲ್ಲಿ ನೀರು ಬಂತು, ಜೊತೆಗೆ ಸಿಟ್ಟೂ ಬಂತು. ‘ಈ ಸಲ ಹೋಗ್ತಿದ್ದೀರಿ. ನಾನು ಕರ್ಕೊಂಡು ಹೋಗ್ತೀನಿ. ಏನು ಹೇಳ್ಬೇಕೋ ಅವರ ಮುಖ ನೋಡಿ ಹೇಳ್ಬಿಡಿ’ ಎಂದೆ. ಮುಂದೆ ಗಾಡಿಗಳು ಕದಲಿದವು. ಕಾಕಾ ಬೇಡ ಎನ್ನಲಿಲ್ಲ. ಅಷ್ಟೇ ಸಾಕೆಂದು ನಾನು ಮನೆಗೆ ಬಂದವಳೇ ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಆ ಊಟದ ಶನಿವಾರ ರಜೆ ಹಾಕಿಸಿದೆ.

ಆ ಶನಿವಾರ ಕಾಕಾ ಸೂಟು ಹಾಕಿದ್ದರು. ವಿಭೂತಿ ಎಂದಿಗಿಂತ ದಟ್ಟವಾಗಿತ್ತು, ಟೋಪಿ ಇರಲಿಲ್ಲ. ಊರಿನ ಪಬ್ಬಿನ ಮಹಡಿಯ ಮೇಲೆ ಒಂದು ಉದ್ದ ಮೇಜು. ಉಳಿದಿದ್ದವರು ಮೂವರೇ. ಒಬ್ಬರು ಗಾಲಿಕುರ್ಚಿಯಲ್ಲಿ, ಒಬ್ಬರು ನಿದ್ದೆಯಲ್ಲಿ. ಮೂರನೆಯವರು ಆನೆಯಂಥ ಮೈಯ, ಸೋರೆಬುರುಡೆಯಂಥ ತಲೆಯ ದೊಡ್ಡ ಮನುಷ್ಯ. ಆತನೇ ಗೋಲ್‌ಕೀಪರ್. ಬಾಗಿಲಲ್ಲಿ ನಿಂತ ಕಾಕಾನನ್ನು ನೋಡಿ ಆತ ಏಳಲು ಎರಡು ಸಲ ಪ್ರಯತ್ನಿಸಿ ಮೂರನೆಯ ಸಲ ಎದ್ದ.

ಕಾಕಾ ಕೂರಲಿಲ್ಲ. ನಿಂತೇ, ವರ್ಷಗಟ್ಟಲೆ ಬಾಯಿಪಾಠ ಮಾಡಿಟ್ಟಿದ್ದಂತೆ, ಇಂಗ್ಲಿಷಿನಲ್ಲಿ ಹೇಳಿದರು. ಅಂದು ನನ್ನಿಂದ ನಿಮ್ಮ ಏಕೈಕ ಗೆಲುವು ಹೋಯಿತು. ನೀವು ಯಾರೂ ಅದನ್ನು ಎತ್ತಿ ಆಡಲಿಲ್ಲ. ಕ್ಯಾಪ್ಟನ್ ಇದ್ದಾಗಲೇ ಬಂದು ಹೇಳಬೇಕಿತ್ತು, ಧೈರ್ಯವಾಗಲಿಲ್ಲ. ಕ್ಷಮಿಸಿ. ಅವರನ್ನು ಕರೆತಂದು ತಪ್ಪು ಮಾಡಿದೆನೇನೋ ಎಂದು ನನಗನ್ನಿಸಿತು.

ಗೋಲ್‌ಕೀಪರ್ ಮೇಜಿಗೆ ಎರಡೂ ಕೈ ಊರಿ ನಿಂತ. ಆಮೇಲೆ ಕೇಳಿದ:

‘ಆಟ ನಿಂತಾಗ ಇನ್ನೆಷ್ಟು ಹೊತ್ತು ಬಾಕಿ ಇತ್ತು?’

‘ಹದಿನೈದು ನಿಮಿಷ’ ಎಂದರು ಕಾಕಾ.

‘ಗೋಲಿನಲ್ಲಿ ಯಾರಿದ್ದರು?’

‘ನೀನು.’

‘ನಾನು ಯಾವತ್ತಾದರೂ ಹದಿನೈದು ನಿಮಿಷ ಗೋಲು ಬಿಡದೆ ಇದ್ದದ್ದುಂಟೇ?’

ಗಾಲಿಕುರ್ಚಿಯವರು ಕಿಸಕ್ಕನೆ ನಕ್ಕರು. ನಿದ್ದೆಯಲ್ಲಿದ್ದವರೂ ಕಣ್ಣು ಬಿಟ್ಟರು.

‘ಪೆದ್ದ’ ಎಂದ ಗೋಲ್‌ಕೀಪರ್. ಆತನ ದನಿ ಈಗ ಬೇರೆಯಾಗಿತ್ತು. ‘ಆ ವರ್ಷ ಹದಿನಾಲ್ಕು ಪಂದ್ಯ ಆಡಿದೆವು. ಸೋಲದೆ ಉಳಿದದ್ದು ಅದೊಂದೇ. ನಮ್ಮ ಮಕ್ಕಳು, ಮೊಮ್ಮಕ್ಕಳು, ಎಲ್ಲರಿಗೂ ಹೇಳಿಕೊಂಡದ್ದು ಆ ಒಂದು ಪಂದ್ಯವನ್ನೇ. ಕ್ಯಾಪ್ಟನ್ ಸಾಯುವವರೆಗೂ ಹೇಳುತ್ತಿದ್ದ, ತಾನು ಯುದ್ಧದಲ್ಲಿ ಮಾಡಿದ್ದಕ್ಕಿಂತ ಅದು ದೊಡ್ಡ ಕೆಲಸ ಅಂತ. ನೀನು ಬರುತ್ತೀಯ ಅಂತ ಪ್ರತಿ ವರ್ಷ ಮಾಂಸವಿಲ್ಲದ ಒಂದು ಚೀಸ್ ಪೈ ಮೊದಲೇ ಹೇಳಿಡುತ್ತಿದ್ದೆವು. ಈವತ್ತೂ ಹೇಳಿದ್ದೇವೆ. ಕೂತುಕೋ, ಆರಿಹೋಗುತ್ತದೆ.’

ಕಾಕಾ ಕೂತರು. ಪೈ ಬಂತು. ಅಂಥ ದಪ್ಪ ಹಿಟ್ಟಿನ, ಉಪ್ಪಿಲ್ಲದ, ಖಾರವಿಲ್ಲದ ಅಡುಗೆಯನ್ನು ಅವರು ಬೇರೆ ಎಲ್ಲೇ ಆಗಿದ್ದರೂ ಎರಡು ತುತ್ತು ತಿಂದು ಪಕ್ಕಕ್ಕಿಡುತ್ತಿದ್ದರು. ಅಂದು ಒಂದು ಚೂರೂ ಬಿಡಲಿಲ್ಲ. ತಟ್ಟೆಗೆ ಅಂಟಿದ್ದನ್ನೂ ಬೆರಳಲ್ಲಿ ಬಳಿದು ಉಂಡರು. ಉಣ್ಣುತ್ತಲೇ ಅಳುತ್ತಿದ್ದರು. ಗೋಲ್‌ಕೀಪರ್ ತನ್ನ ದೊಡ್ಡ ಕೈಯನ್ನು ಅವರ ಬೆನ್ನ ಮೇಲಿಟ್ಟು ಸುಮ್ಮನೆ ಕೂತಿದ್ದ. ಒಂದೂ ಪಂದ್ಯ ಗೆಲ್ಲದೆ ಅಷ್ಟು ಹೆಮ್ಮೆಪಡುವ ನಾಲ್ಕು ಮುದುಕರನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ.

ವಾಪಸು ಬರುವಾಗ ಅರ್ಧ ದಾರಿ ಕಾಕಾ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂದಿರಬೇಕು ಅಂದುಕೊಂಡು ನಾನು ರೇಡಿಯೋ ಆರಿಸಿದೆ.

‘ಅರವತ್ತೈದು ಊಟಾ’ ಎಂದರು ಇದ್ದಕ್ಕಿದ್ದಂತೆ. ‘ಬಿಸಿಬಿಸಿ ಅರವತ್ತೈದು ಊಟಾ ಬಿಟ್ನಲ್ಲ ಯವ್ವಾ.’

ನಾನು ಗಾಡಿ ಓಡಿಸುತ್ತಿದ್ದೆ. ಅವರು ನನ್ನ ಭುಜ ತಟ್ಟಿದರು.

‘ಮುಂದಿನ ವರ್ಷದ್ದು ಯಾವ ಶನಿವಾರ ಅಂತ ಕೇಳ್ಕೊಂಡಿ ಇಲ್ಲೋ? ಇಲ್ಲೇನು? ಹಂಗಾರ ಗಾಡಿ ತಿರುಗಸು. ಕೇಳ್ಕೊಂಡ ಹೋಗೂಣು.’